ಶಿರಾದವರಿಗೆ ಹಾಕಿಸಿದ ಕುರ್ಚಿ

ಎರಡು ಫೋನುಗಳೂ ಚಾಪೆಯ ಮೇಲೆ ಪಕ್ಕಪಕ್ಕದಲ್ಲೇ ಇದ್ದವು. ಲೋಹಿತಾಳ ಫೋನಿನಲ್ಲಿ 'ಎಲ್ರಿಗೂ ನಮಸ್ಕಾರ, ಇವತ್ತಿಂದ ನಾನೇ ಇಲ್ಲಿ ತಳವಾರ' ಎಂಬ ಸಾಲು ನಿಚ್ಚಳವಾಗಿ ಕಾಣುತ್ತಿತ್ತು. ಫರೀಹಾಳ ಫೋನಿನಲ್ಲಿ ಅದರ ಸುಳಿವೇ ಇರಲಿಲ್ಲ. ಲೋಹಿತಾ ಇನ್ನೊಮ್ಮೆ ಬರೆದಳು. ಈ ಕಡೆ ಮೂಡಿತು, ಆ ಕಡೆ ಮೂಡಲಿಲ್ಲ.

"ನಿಮ್ಮನೆ ನೆಟ್ಟು ಯಾವಾಗ್ಲೂ ಹಿಂಗೇ ಕಣೆ," ಎಂದು ಲೋಹಿತಾ ಫೋನನ್ನು ಕಿಟಕಿಯ ಕಡೆಗೆ ಹಿಡಿದಳು. ಅಷ್ಟರಲ್ಲಿ ಕೊರಟಗೆರೆಯ ಯಾರೋ ಆಟದೊಳಗೆ 'ಕೋಟೆ ಬಾಗಿಲಲ್ಲಿ ಯಾರವ್ರೆ?' ಎಂದು ಕೇಳಿದ್ದು ಎರಡು ಫೋನುಗಳಲ್ಲೂ ಒಟ್ಟಿಗೇ ಬಂತು. ತಪ್ಪು ನೆಟ್ಟಿನದಲ್ಲ ಎಂದು ಫರೀಹಾಳಿಗೆ ಗೊತ್ತಾಯಿತು. ಯಾರದೆಂದು ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಹೊತ್ತಾದರೂ ಅವಳು ನೆಮ್ಮದಿಯಾಗಿದ್ದಳು ಅನ್ನಬೇಕು.

ಆಟದ ಹೆಸರು 'ಏಕಶಿಲೆ'. ಶಿರಾದ ಕಾಲೇಜಿನಲ್ಲಿ ಬಿಸಿಎ ಓದುವಾಗ ಗೆಳತಿಯರಿಬ್ಬರೂ ಸೇರಿ ಕಟ್ಟಿದ್ದು. ಮಧುಗಿರಿಯ ಬೆಟ್ಟ, ಶಿರಾದ ಕೋಟೆ, ಕೊರಟಗೆರೆಯ ಸಂತೆ ಬೀದಿ, ಪಾವಗಡದ ಕಡೆಯ ಸೋಲಾರ್ ಹಲಗೆಗಳು, ಎಲ್ಲವನ್ನೂ ಒಂದೇ ಊರಿನೊಳಗೆ ತುರುಕಿದ್ದರು. ಅಲ್ಲಿ ಕೊಲ್ಲುವುದು ಗೆಲ್ಲುವುದು ಏನೂ ಇರಲಿಲ್ಲ. ಅಂಗಡಿ ಇಡಬಹುದು, ಕುರಿ ಮೇಯಿಸಬಹುದು, ಬಸ್ಸು ಓಡಿಸಬಹುದು, ಬೇಜಾರಾದರೆ ಕೋಟೆ ಬಾಗಿಲ ಮುಂದೆ ನಿಂತು ಹರಟಬಹುದು. ಇಂಥ ಆಟವನ್ನು ಯಾವ ಪುಣ್ಯಾತ್ಮ ಆಡುತ್ತಾನೆ ಎಂದು ನಕ್ಕವರೇ ಬಂದು ಸೇರಿಕೊಂಡು, ನಾಲ್ಕು ತಾಲ್ಲೂಕಿನ ನಲವತ್ತು ಐವತ್ತು ಜನ ಖಾಯಂ ಆಗಿಬಿಟ್ಟಿದ್ದರು. ಬೀದಿ ಮನೆಗಳನ್ನು ಬಿಡಿಸುವುದು ಲೋಹಿತಾಳ ಕೆಲಸ. ಊರು ಹೇಗೆ ನಡೆಯಬೇಕೆಂದು ಹೇಳುವ ಸ್ಕ್ರಿಪ್ಟೆಲ್ಲ ಫರೀಹಾಳದು.

ಆಟದೊಳಗೆ ಏನೇ ನಡೆಯಲಿ, ಅದನ್ನು ಗಮನಿಸಲು ಸ್ಕ್ರಿಪ್ಟಿನ ಒಂದೊಂದು ತುಂಡು, ಅಂದರೆ ಫಂಕ್ಷನ್, ಕಾದು ಕೂತಿರುತ್ತದೆ. ಯಾರೋ ಒಳಗೆ ಬಂದರೆ ಒಂದು, ಯಾರೋ ಬಾಗಿಲು ತೆರೆದರೆ ಒಂದು, ಯಾರೋ ಮಾತಾಡಿದರೆ ಇನ್ನೊಂದು. ನೋಡಿದ ಮೇಲೆ ಅದು ಸುಮ್ಮನಿರುವ ಹಾಗಿಲ್ಲ, ಒಂದು ಉತ್ತರವನ್ನು ಹಿಂದಿರುಗಿಸಬೇಕು. 'ಹೌದು' ಎಂದರೆ ಮಾತು ಮುಂದಕ್ಕೆ ಹೋಗಿ ಎಲ್ಲರಿಗೂ ಮುಟ್ಟುತ್ತದೆ. 'ಇಲ್ಲ' ಎಂದರೆ ಅಲ್ಲೇ ನಿಲ್ಲುತ್ತದೆ. ಏನೂ ಹೇಳದೆ ಎದ್ದುಹೋದರೆ ಅದನ್ನೂ 'ಇಲ್ಲ' ಎಂದೇ ಎಣಿಸಲಾಗುತ್ತದೆ.

ಲೋಹಿತಾಳಿಗೆ ಇದನ್ನು ವಿವರಿಸಲು ಫರೀಹಾ ಹಿಂದೊಮ್ಮೆ ತನ್ನ ತಾತ ಹುಸೇನ್ ಸಾಬರನ್ನೇ ಉದಾಹರಣೆ ಮಾಡಿಕೊಂಡಿದ್ದಳು. ಅವರು ಮನೆಯ ಕೆಳಗಿನ ಹಾಸಿಗೆ ಅಂಗಡಿಯ ಮುಂದೆ ಇಡೀ ದಿನ ಕೂತಿರುತ್ತಾರೆ, ಬೀದಿಯಲ್ಲಿ ಹೋಗುವವರು ಸಲಾಂ ಹೇಳುತ್ತಾರೆ. ಸಲಾಂ ಹೇಳುವುದು ಹೇಳುವವನ ಇಷ್ಟ, ಜವಾಬು ಕೊಡುವುದು ಮಾತ್ರ ಇಷ್ಟದ ಮಾತಲ್ಲ, ಕೊಡದಿದ್ದರೆ ಅದರ ಋಣ ಕೇಳಿಸಿಕೊಂಡವನ ಕೊರಳಿಗೆ ಎಂದು ಅವರು ಮೊಮ್ಮಕ್ಕಳಿಗೆ ಹೇಳಿಕೊಟ್ಟಿದ್ದರು. ಹೋದ ವರ್ಷ ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಮೇಲೂ, ಆಡುವ ಒಂದು ಕೈಯನ್ನು ಎದೆಗೆ ಮುಟ್ಟಿಸಿ ಪ್ರತಿಯೊಬ್ಬರಿಗೂ ಜವಾಬು ಕೊಡುತ್ತಿದ್ದರು.

ದೀಪಾವಳಿ ಮುಗಿದ ವಾರ ಆಟದೊಳಗೆ ಇಬ್ಬರು ಕಚ್ಚಾಡಿ ಬಾಯಿಗೆ ಬಂದದ್ದನ್ನೆಲ್ಲ ಬರೆದರು. ಆ ಸಿಟ್ಟಿನಲ್ಲೇ ಫರೀಹಾ ಮಾತನ್ನು ಸೋಸುವ ಹೊಸದೊಂದು ಫಂಕ್ಷನ್ ಬರೆದಳು. ಬೈಗುಳ ಇದ್ದರೆ ತಡೆ, ಇಲ್ಲದಿದ್ದರೆ ಬಿಡು. ತಡೆದಿದ್ದೇವೆಂದು ತಿಳಿದರೆ ಬೈಯುವವರು ಒಂದಕ್ಷರ ತಿದ್ದಿ ಮತ್ತೆ ಬೈಯುತ್ತಾರಲ್ಲ, ಅದಕ್ಕೆ ಬರೆದವನ ಫೋನಿನಲ್ಲಿ ಮಾತ್ರ ಅವನ ಮಾತು ಕಾಣುವ ಹಾಗೆ ಮಾಡಿದಳು. ಬೈದೆನೆಂಬ ಸಮಾಧಾನ ಅವನಿಗಿರಲಿ, ಬೈಸಿಕೊಳ್ಳುವ ಕಷ್ಟ ಯಾರಿಗೂ ಬೇಡ. ತನ್ನ ಈ ಜಾಣತನಕ್ಕೆ ಅವಳು ಆವತ್ತು ಒಬ್ಬಳೇ ನಕ್ಕಿದ್ದಳು.

ಈಗ ಲೋಹಿತಾ ನೋಡುತ್ತಿದ್ದ ಹಾಗೇ ಫರೀಹಾ ಲ್ಯಾಪ್‌ಟಾಪ್ ತೆಗೆದು ಆ ಫಂಕ್ಷನ್ನನ್ನು ಮೇಲಿನಿಂದ ಓದಿಕೊಂಡು ಬಂದಳು. ಮೂರನೆಯ ಸಾಲಿನಲ್ಲೇ ಕಣ್ಣು ನಿಂತಿತು. ಮಾತಾಡುತ್ತಿರುವವನು ತಳವಾರನಾದರೆ ಸೋಸುವುದು ಬೇಡ ಎಂದು ಅಲ್ಲಿ ಬರೆದಿತ್ತು. ಅದರ ಕೆಳಗೆ 'ಹೌದು' ಎಂದು ಉತ್ತರ ಹಿಂದಿರುಗಿಸುವ ಸಾಲು ಇರಬೇಕಾಗಿತ್ತು. ಇರಲಿಲ್ಲ. ತಳವಾರ ಮಾತಾಡಿದ ಕೂಡಲೇ ಫಂಕ್ಷನ್ ಅವನನ್ನು ಪರೀಕ್ಷಿಸದೆ, ತಡೆಯದೆ, ಬಿಡದೆ, ಏನೊಂದೂ ಹೇಳದೆ ಎದ್ದುಹೋಗುತ್ತಿತ್ತು.

ಬೈಗುಳ ತಡೆಯುತ್ತದೆಯೇ, ಒಳ್ಳೆಯ ಮಾತು ಬಿಡುತ್ತದೆಯೇ ಎಂದೆಲ್ಲ ಅವಳು ಆಗ ಪರೀಕ್ಷೆ ಮಾಡಿದ್ದಳು. ತಳವಾರನದೊಂದನ್ನು ಮಾಡಿರಲಿಲ್ಲ. ಆ ಊರಿಗೆ ಇದ್ದ ತಳವಾರ ಒಬ್ಬನೇ, ಹಾಲೇಶ. ಅವನ ಮಾತಿನಲ್ಲಿ ಪರೀಕ್ಷೆ ಮಾಡುವಂಥದ್ದು ಏನಿರುತ್ತದೆ?

"ಹಾಲೇಶಣ್ಣ," ಎಂದಳು ಫರೀಹಾ.

ಲೋಹಿತಾಳಿಗೂ ಅರ್ಥವಾಯಿತು. "ಅವ್ರು ಸುಮ್ನೆ ಇರ್ಲಿಲ್ವೇನೆ ಹಂಗಾದ್ರೆ?"

"ಇಲ್ಲ. ನಾನೇ ಬಾಯಿ ಮುಚ್ಚಿಸಿದ್ದೆ."

ಹಾಲೇಶ ಪಾವಗಡದ ವಳ್ಳೂರಿನವನು. ಸೋಲಾರ್ ಪಾರ್ಕಿನಲ್ಲಿ ರಾತ್ರಿ ಪಾಳಿಯ ಕಾವಲು. ಮೈಲಿಗಟ್ಟಲೆ ಹಲಗೆಗಳ ನಡುವೆ ಒಂದು ಕೊಠಡಿ, ಒಂದು ಟಾರ್ಚು, ನಾಯಿಗಳು. ಉಳಿದಂತೆ ಅವನಿಗೆ ಈ ಆಟವೇ ಊರು. ಹೊಸಬರು ಬಂದರೆ ಬೀದಿ ತೋರಿಸುತ್ತಿದ್ದ, ಜಗಳ ಬಿಡಿಸುತ್ತಿದ್ದ. ಹುಸೇನ್ ಸಾಬರನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದಾಗ ಫರೀಹಾ ಕೋಟೆ ಬಾಗಿಲಲ್ಲಿ ಅಳುತ್ತ ಒಂದು ಸಾಲು ಬರೆದಿದ್ದಳು. ಅಲ್ಲಿಯವರೆಗೆ ಮುಖವನ್ನೇ ನೋಡಿರದ ಈ ಮನುಷ್ಯ ಮಾರನೆಯ ದಿನ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಬಂದು, ಸಂಜೆಯ ತನಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದು ಹೋದ. ಯಾಕೆ ಬರಲು ಹೋದಿರಿ ಅಣ್ಣ ಎಂದು ಕೇಳಿದರೆ, ಕೇಳಿಸಿಕೊಂಡ ಮೇಲೆ ಬರದೆ ಇರುವುದು ಹೇಗೆ ಎಂದಿದ್ದ. ಅವನನ್ನು ತಳವಾರ ಮಾಡಿದ್ದು ಆಮೇಲೆ.

ಅಂಥವನು ಇದ್ದಕ್ಕಿದ್ದಂತೆ ಮಾತು ಬಿಟ್ಟಿದ್ದ. ಮೊದಲ ಎರಡು ಮೂರು ದಿನ ಡ್ಯೂಟಿ ಜಾಸ್ತಿಯೇನೋ ಎಂದುಕೊಂಡರು. ಆಮೇಲೊಂದು ಸಂಜೆ ಆಟದೊಳಗಿನ ಅವನ ಗೊಂಬೆ ಕೋಟೆ ಬಾಗಿಲಿಗೆ ಬಂದು ಸುಮ್ಮನೆ ನಿಂತಿತು. ಒಂದು ಮಾತಿಲ್ಲ. ಅವನಿಗೆ ಸೂಪರ್‌ವೈಸರ್ ಕೆಲಸ ಸಿಕ್ಕಿತಂತೆ ಎಂದು ಯಾರೋ ಹಬ್ಬಿಸಿದ್ದರು. ಫರೀಹಾ ಎಲ್ಲರೆದುರಿಗೆ, 'ಏನು ತಳವಾರರೇ, ದೊಡ್ಡೋರಾಗ್ಬುಟ್ರಾ, ನಮ್ಮತ್ರ ಮಾತೇ ಇಲ್ಲ?' ಎಂದು ಬರೆದಳು. ಅರ್ಧ ತಮಾಷೆ, ಅರ್ಧ ಮುನಿಸು. ಗೊಂಬೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಮಾಯವಾಯಿತು. ಮತ್ತೆ ಬರಲಿಲ್ಲ. ಕಾದು ಕಾದು ಬೇಸತ್ತು ಇವತ್ತು ಅವನ ಜಾಗವನ್ನು ಲೋಹಿತಾಳಿಗೆ ಕೊಟ್ಟಿದ್ದಳು. ಹಾಗೆ ಕೊಟ್ಟಿದ್ದರಿಂದಲೇ ಸತ್ಯ ಹೊರಗೆ ಬಂತು.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎನ್ನುತ್ತಾರೆ. ಇಲ್ಲಿ ಕೆಡಿಸಿದ್ದು ಬರೆಯದೆ ಬಿಟ್ಟ ಒಂದು ಮಾತು. ಫರೀಹಾ ಆ ಸಾಲನ್ನು ಸೇರಿಸಿದಳು. ಲೋಹಿತಾಳ ನಮಸ್ಕಾರ ಈಗ ಎರಡು ಫೋನುಗಳಲ್ಲೂ ಕಂಡಿತು. ಹಾಲೇಶ ಇಷ್ಟು ದಿನ ಏನೇನು ಬರೆದಿದ್ದನೋ ಅದು ಮಾತ್ರ ಎಲ್ಲೂ ಇರಲಿಲ್ಲ. ತಡೆದ ಬೈಗುಳಗಳನ್ನು ಯಾರು ಕೂಡಿಡುತ್ತಾರೆಂದು ಅವಳು ಉಳಿಸುವ ವ್ಯವಸ್ಥೆಯನ್ನೇ ಮಾಡಿರಲಿಲ್ಲ. ಫೋನ್ ಮಾಡಿದಳು. ಒಮ್ಮೆ ರಿಂಗಾಗಿ ಕಟ್ಟಾಯಿತು. ಎರಡನೆಯ ಸಲ ಸ್ವಿಚ್ ಆಫ್.

ಭಾನುವಾರ ಹೋಗಿಬರೋಣ ಎಂದಳು ಲೋಹಿತಾ, ಅಲ್ಲಿಯ ತನಕ ಅವಳಿಗೆ ಮಧುಗಿರಿಯ ಶಾಲೆಯಲ್ಲಿ ಪರೀಕ್ಷೆಯ ಡ್ಯೂಟಿ. ಫರೀಹಾಳಿಗೆ ಭಾನುವಾರದ ತನಕ ತಡೆಯುವ ಶಕ್ತಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ಅಫ್ಜಲುನ್ನೀಸಾರಿಗೆ ವಿಷಯ ಹೇಳಿ, ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಒಂದು ಡಬ್ಬಿ ದೂಧ್‌ಪೇಡ ಕಟ್ಟಿಸಿಕೊಂಡು ಪಾವಗಡದ ಬಸ್ಸು ಹತ್ತಿದಳು. ತಪ್ಪಾಯಿತು ಅಣ್ಣ ಎಂದು ಹೇಳಿ, ಬೈದರೆ ಬೈಸಿಕೊಂಡು, ಪೇಡ ಕೊಟ್ಟು ಬರುವುದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಳು. ಪಾವಗಡದಲ್ಲಿ ಬಸ್ಸು ಬದಲಿಸಿ ಸ್ವಲ್ಪ ದೂರ ಹೋಗುತ್ತಲೇ ಹೊಲಗಳು ಮುಗಿದು ಹಲಗೆಗಳು ಶುರುವಾದವು. ರಸ್ತೆಯ ಎರಡೂ ಕಡೆ ತಂತಿ ಬೇಲಿ, ಬೇಲಿಯೊಳಗೆ ನೀಲಿ. ನೋಡುತ್ತ ನೋಡುತ್ತ ಅವಳಿಗೆ ನಿದ್ದೆ ಬಂದಂತಾಯಿತು.

ವಳ್ಳೂರಿನಲ್ಲಿ ಇಳಿದು ಟೀ ಅಂಗಡಿಯ ಚಿಕ್ಕಹನುಮಕ್ಕನನ್ನು ಹಾಲೇಶನ ಮನೆ ಯಾವುದೆಂದು ಕೇಳಿದಳು. ಆಕೆ ಲೋಟ ತೊಳೆಯುವುದನ್ನು ನಿಲ್ಲಿಸಿ, ತಲೆಯ ಮೇಲಿನ ದುಪಟ್ಟಾದಿಂದ ಕಾಲಿನ ಚಪ್ಪಲಿಯ ತನಕ ಇವಳನ್ನು ನೋಡಿದಳು.

"ಯಾವೂರಮ್ಮ?"

"ಶಿರಾ."

"ಸಿರಾನಾ." ಆಕೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಗಂಡಸರ ಕಡೆಗೆ ತಿರುಗಿದಳು. "ನೋಡ್ರಪ್ಪ, ಸಿರಾದೋರು ಬಂದ್ರು."

ಗಂಡಸರಲ್ಲಿ ಒಬ್ಬ ನಕ್ಕ. ಇನ್ನೊಬ್ಬ ನಗದೆ ಬೇರೆ ಕಡೆ ನೋಡಿದ. ಅದರಲ್ಲಿ ನಗುವಂಥದ್ದು ಏನಿದೆಯೆಂದು ಫರೀಹಾಳಿಗೆ ತಿಳಿಯಲಿಲ್ಲ. ಬೇವಿನ ಮರ ದಾಟಿ ಎಡಕ್ಕೆ, ಎದುರುಬದುರು ಎರಡು ಮನೆ ಇವೆ, ಹಳೇದು ಇವರದು, ಹೊಸದು ದೊಡ್ಡಪ್ಪ ಶಂಕರಲಿಂಗಪ್ಪನದು ಎಂದು ಚಿಕ್ಕಹನುಮಕ್ಕ ಗುರುತು ಹೇಳಿದಳು. ಪಾರ್ಕು ಬಂದಾಗ ತಮ್ಮನಾದ ಹಾಲೇಶನ ಅಪ್ಪ ಜಮೀನು ಕೊಟ್ಟ, ಅಣ್ಣ ಕೊಡಲಿಲ್ಲ, ಈಗ ಅಣ್ಣನ ಹೊಲಕ್ಕೆ ಗಾಡಿ ಹೋಗಲು ದಾರಿಯೇ ಇಲ್ಲದೆ ಬೇಲಿಗಳ ನಡುವೆ ಸಿಕ್ಕಿಹಾಕಿಕೊಂಡಿದೆ; ಅವತ್ತಿನಿಂದ ನೆಂಟರೆಲ್ಲ ಅಣ್ಣನ ಕಡೆ, ಆ ಹಳೇ ಮನೆಯ ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲ ಎಂದು ಕೇಳದೆಯೇ ಅಷ್ಟನ್ನೂ ಹೇಳಿದಳು. ಬೇಕಾದ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಅದು ಮನೆಯ ಬಾಗಿಲಿಗೆ ಹೋದ ಕೂಡಲೇ ಕಂಡಿತು. ನಡುಮನೆಯ ಗೋಡೆಗೆ ಒಂದು ಹೊಸ ಫೋಟೋ, ಅದಕ್ಕೆ ವಿಭೂತಿ, ಒಣಗಿದ ಸೇವಂತಿಗೆ ಹಾರ, ಕೆಳಗೆ ಸಣ್ಣ ದೀಪ. ಫೋಟೋದಲ್ಲಿದ್ದವರಿಗೆ ಹಾಲೇಶನದೇ ಮೂಗು. ಫರೀಹಾ ಕೈಯಲ್ಲಿದ್ದ ಪೇಡದ ಡಬ್ಬಿಯನ್ನು ಸರಕ್ಕನೆ ಬ್ಯಾಗಿನೊಳಗೆ ತುರುಕಿದಳು.

ಒಳಗಿನಿಂದ ಬಂದವರು ಹಾಲೇಶನ ತಾಯಿ ಸರ್ವಮಂಗಳಾ. ಇವಳು ತನ್ನ ಹೆಸರು ಹೇಳಿದಳು, ಊರು ಹೇಳಿದಳು. ಆಕೆ ಜಗಲಿಯ ಮೇಲೆ ಚಾಪೆ ಹಾಕಿ ಕೂರಲು ಹೇಳಿದರು. ನೀರು ಕೊಟ್ಟರು. ಹಾಲೇಶ ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದಾನೆಂದರು. ಯಜಮಾನರು ನಾಗಲಿಂಗಯ್ಯನವರು ಕಾರ್ತಿಕ ಮಾಸದಲ್ಲಿ, ಮಲಗಿದವರು ಮಲಗಿದ ಹಾಗೇ ಹೋದರಂತೆ. ಕಷ್ಟ ಕೊಡಲಿಲ್ಲ, ಪುಣ್ಯವಂತರು ಎಂದರು.

"ನಮಗೆ ಗೊತ್ತಾಗ್ಲಿಲ್ಲಮ್ಮ," ಎಂದಳು ಫರೀಹಾ.

ಆಕೆ ತಲೆಯೆತ್ತಿ ನೋಡಿದರು. ಸಿಟ್ಟಿನ ನೋಟವಲ್ಲ. ಮನೆಗೆ ಬಂದವಳು ಸುಳ್ಳು ಹೇಳುತ್ತಿದ್ದಾಳಲ್ಲ, ಇವಳಿಗೆ ಯಾಕೆ ಬೇಕಿತ್ತು ಎಂಬ ಸಂಕಟ.

"ಹೇಳಿದ್ನಲ್ಲಮ್ಮ ನಮ್ಮುಡುಗ. ಬೆಳಗಿನ ಜಾವದಾಗೆ ನನ್ ಮುಂದೇನೇ ಕುಂತ್ಕಂಡು ಬರ್ದ. ನಮ್ಮೋರು ಯಾರೂ ಬರಕಿಲ್ಲ ಅಂತ ನಾನು ಅಳ್ತಾ ಇದ್ದೆ. ಅಳಬೇಡ ಸುಮ್ಕಿರಮ್ಮ, ನಮ್ ಸಿರಾದೋರು ಬತ್ತಾರೆ, ಮಧುಗಿರಿಯೋರು ಬತ್ತಾರೆ, ನಮ್ ಬಾಗ್ಲಲ್ಲಿ ಜಾಗ ಸಾಲಕಿಲ್ಲ ನೋಡ್ತಿರು ಅಂದ. ತಿರುಮಣಿಯಿಂದ ಒಂದ್ ಟ್ರ್ಯಾಕ್ಟರ್ ಕುರ್ಚಿ ತರಿಸ್ದ."

ಫರೀಹಾ ಅಂಗಳದ ಕಡೆಗೆ ನೋಡಿದಳು. ಕಸ ಗುಡಿಸಿ ಸಾರಿಸಿದ್ದ ಅಗಲವಾದ ಅಂಗಳ, ಆಚೆ ದಾರಿ, ದಾರಿಯಾಚೆ ಶಂಕರಲಿಂಗಪ್ಪನ ಮನೆಯ ಮುಚ್ಚಿದ ಬಾಗಿಲು.

"ಅಲ್ಲೇ, ನೀನ್ ಕುಂತಿದೀಯಲ್ಲ, ಆ ಗೋಡೆಗೇನೆ ಯಜಮಾನ್ರನ್ನ ಒರಗ್ಸಿ ಕೂರಿಸಿದ್ವಿ," ಎಂದರು ಸರ್ವಮಂಗಳಾ. "ಮಧ್ಯಾಹ್ನಕ್ಕೇ ಮಣ್ಣು ಮಾಡ್ಬೇಕಿತ್ತು. ಇನ್ನೊಂದ್ ಬಸ್ ನೋಡಾನ, ಇನ್ನೊಂದ್ ಬಸ್ ನೋಡಾನ ಅಂತ ಇವನು. ಹೊತ್ತು ಮುಳುಗೋಗಂಟ ಕೂರಿಸ್ಕಂಡ್ವಿ ಕಣಮ್ಮ. ಎವರೂ ರಾಲೇದು. ಯಾರೂ ಬರ್ಲಿಲ್ಲ."

ಹೆಗಲು ಕೊಡಲು ಕೊನೆಗೆ ಪಾರ್ಕಿನ ಕಾವಲು ಹುಡುಗರು ಡ್ಯೂಟಿಯ ಬಟ್ಟೆಯಲ್ಲೇ ಬಂದರಂತೆ. ಊರಿನಲ್ಲಿ ಈಗ ಯಾರಾದರೂ ಕೊಟ್ಟ ಮಾತಿಗೆ ತಪ್ಪಿದರೆ, ಬಸ್ಸು ಬರದಿದ್ದರೆ, ಕರೆಂಟು ಬರದಿದ್ದರೆ, ಶಿರಾದವರು ಬಂದ ಹಾಗೆ ಎನ್ನುವುದು ರೂಢಿಯಾಗಿದೆಯಂತೆ. ಇದನ್ನು ಹೇಳುವಾಗ ಆಕೆ ಸ್ವಲ್ಪ ನಕ್ಕರು. ಫರೀಹಾಳಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಮಾತಿನ ಸದ್ದಿಗೆ ಹಾಲೇಶ ಎದ್ದು ಬಂದ. ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದ್ದಕ್ಕಿಂತ ಇಳಿದುಹೋಗಿದ್ದ. ಇವಳನ್ನು ಕಂಡು ಅವನ ಮುಖ ಏನೂ ಬದಲಾಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕೂತು, ತಾತ ಹೇಗಿದ್ದಾರೆಂದು ಕೇಳಿದ. ಹಾಗೆ ಕೇಳಿದ್ದೇ ಅವಳಿಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ನೀವು ಬರ್ದಿದ್ದು ಯಾರಿಗೂ ಬರ್ಲಿಲ್ಲ ಅಣ್ಣ. ಒಬ್ರಿಗೂ ಬರ್ಲಿಲ್ಲ. ನನ್ ತಪ್ಪು."

"ನಂಗೆ ಕಾಣ್ತಿತ್ತಲ್ಲಮ್ಮ ಅಲ್ಲಿ."

"ನಿಮಗೊಬ್ರಿಗೇ ಕಾಣ್ತಿತ್ತು. ಹಂಗೆ ನಾನೇ ಮಾಡಿದ್ದೆ. ಬೈಯೋರಿಗೆ ಅಂತ."

"ನಾನ್ ಯಾರನ್ನ ಬೈದೆ?"

"ನೀವು ಬೈಯಲ್ಲ ಅಂತ್ಲೇ, ನಿಮ್ಮನ್ನ ಪರೀಕ್ಷೆ ಮಾಡಬಾರ್ದು ಅಂತ ಒಂದು ಸಾಲು ಬರ್ದೆ. ಅದರ ಕೆಳಗೆ, ಇವರದನ್ನ ಬಿಡು ಅಂತ ಇನ್ನೊಂದು ಸಾಲು ಬರೀಬೇಕಿತ್ತು. ಬರೀಲಿಲ್ಲ."

ಹಾಲೇಶ ಅಂಗಳದ ಕಡೆಗೆ ತಿರುಗಿದ. ಆವತ್ತು ಆಟದೊಳಗೆ ಹತ್ತಾರು ಜನ ಇದ್ದರು ಎಂದ. ಒಬ್ಬೊಬ್ಬರಿಗೇ ಫೋನ್ ಮಾಡಿ ಅಳುವುದು ಹೇಗೆಂದು, ಎಲ್ಲರೂ ಒಟ್ಟಿಗೆ ನೋಡಲಿ ಎಂದು ಕೋಟೆ ಬಾಗಿಲಲ್ಲಿ ಬರೆದದ್ದು. ಅವನ ಮಾತಿನ ಕೆಳಗೇ ಅವರು ಆಟದ ಸಂತೆಯ ಕುರಿಗಳ ಬೆಲೆ ಮಾತಾಡಿಕೊಂಡು ಹೋದರು. ಯಾಕೆ ಹೀಗೆ ಎಂದು ಕೇಳಬೇಕೆಂದು ಅವನಿಗೆ ಅನ್ನಿಸಲೇ ಇಲ್ಲವಂತೆ. ಎಂಟು ವರ್ಷದಿಂದ ನೆಂಟರು ಎದುರಿಗೆ ಸಿಕ್ಕರೂ ಹೀಗೇ ಹೋಗುತ್ತಾರೆ, ಅವರನ್ನೂ ಅವನು ಕೇಳಿಲ್ಲ. ಬಿಟ್ಟವರನ್ನು ಯಾಕೆ ಬಿಟ್ಟಿರಿ ಎಂದು ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಮಣ್ಣು ಮಾಡಿ ಎರಡು ದಿನವಾದ ಮೇಲೆ, ಒಬ್ಬರಾದರೂ ಮಾತಾಡಿಸುತ್ತಾರೇನೋ ಎಂದು ಹೋಗಿ ನಿಂತಿದ್ದನಂತೆ.

ಆವತ್ತು ತಾನು ಬರೆದದ್ದು ಫರೀಹಾಳಿಗೆ ಅಕ್ಷರ ಅಕ್ಷರವೂ ನೆನಪಾಯಿತು.

"ಹೋಗ್ಲಿ ಬುಡು," ಎಂದ ಹಾಲೇಶ. "ನೀವ್ ಬರದೆ ಹೋಗಿದ್ದು ಹೋಗ್ಲಿ." ಅವನ ಕಣ್ಣು ಎದುರು ಮನೆಯ ಬಾಗಿಲ ಮೇಲಿತ್ತು. "ಅವತ್ತು ಹೊತ್ತು ಮುಳುಗೋ ಹೊತ್ನಾಗೆ ದೊಡ್ಡಪ್ಪ ಬಂದಿದ್ದ. ಕೈಯಾಗೆ ಹಾರ ಇಟ್ಕಂಡು ಅಲ್ಲಿ, ಕುರ್ಚಿಗಳ ಹಿಂದೆ ನಿಂತಿದ್ದ. ಖಾಲಿ ಕುರ್ಚಿ ನೋಡಿ ನಗಕ್ಕೆ ಬಂದವ್ನೆ ಅಂದ್ಕಂಡೆ. ಎಣಿಸ್ಕಂಡ್ಯಾ ದೊಡ್ಡಪ್ಪ, ಎಣಿಸ್ಕಂಡಿದ್ರೆ ಹೋಗು ಅಂದ್ಬುಟ್ಟೆ."

ಸರ್ವಮಂಗಳಾ ಸೆರಗಿನಿಂದ ಮೂಗು ಒರೆಸಿಕೊಂಡರು.

"ಹಾರಾನ ಒಂದ್ ಕುರ್ಚಿ ಮೇಲೆ ಇಟ್ಟು ಹೋದ," ಎಂದ ಹಾಲೇಶ. "ಎಂಟ್ ವರ್ಷ ಆದ್ಮೇಲೆ ತಮ್ಮನ ಹತ್ರ ಬಂದಿದ್ದ. ಕುರ್ಚಿ ತುಂಬಿದ್ರೆ ಬಾ ದೊಡ್ಡಪ್ಪ ಅಂತಿದ್ದೆ. ಅಥವಾ ಕುರ್ಚೀನೇ ತರಿಸ್ದೆ ಇದ್ದಿದ್ರೂ ಅಂತಿದ್ದೆ."

ಈಗಲಾದರೂ ಹೋಗಿ ಕರೆಯಬಹುದಲ್ಲ ಎಂಬ ಮಾತು ಫರೀಹಾಳ ನಾಲಿಗೆಯ ತುದಿಗೆ ಬಂತು. ಕರೆಯುವುದಕ್ಕೆ ಆ ಮನೆಯಲ್ಲಿ ಯಾರೂ ಇಲ್ಲವೆಂದು ತಾಯಿಯೇ ಹೇಳಿದರು. ಮಣ್ಣು ಮಾಡಿದ ಮಾರನೆಯ ದಿನವೇ ಶಂಕರಲಿಂಗಪ್ಪನವರು ಬೀಗ ಹಾಕಿಕೊಂಡು ಮಗಳ ಊರಾದ ಕ್ಯಾತಗಾನಚೆರ್ಲಿಗೆ ಹೋದರಂತೆ. ತಮ್ಮನಿಲ್ಲದ ಊರಿನಲ್ಲಿ ತನಗೇನು ಕೆಲಸ ಎಂದು ಚಿಕ್ಕಹನುಮಕ್ಕನ ಅಂಗಡಿಯಲ್ಲಿ ಹೇಳಿ ಬಸ್ಸು ಹತ್ತಿದರಂತೆ. ಹಾಲೇಶ ಒಮ್ಮೆ ಹೋಗಿಬಂದಿದ್ದ. ಅವರು ಒಳಗಿನಿಂದ ಹೊರಗೆ ಬರಲಿಲ್ಲ.

ಬಿಸಿಲು ಜಗಲಿಯಿಂದ ಕೆಳಗಿಳಿದಿತ್ತು. ಕ್ಷಮಿಸಿ ಎಂದು ಇನ್ನೊಮ್ಮೆ ಹೇಳುವುದಕ್ಕೂ ಫರೀಹಾಳಿಗೆ ನಾಚಿಕೆಯಾಯಿತು. ಅವನು ಬೈದಿದ್ದರೆ ಚೆನ್ನಾಗಿತ್ತು. ಹಾಲೇಶ ಒಳಗೆ ಹೋಗಿ ಫೋನ್ ತಂದು, ಅದಕ್ಕೆ ಜೀವ ಬರುವ ತನಕ ಕಾದು, ತುಂಬ ದಿನದಿಂದ ಮುಟ್ಟದಿದ್ದ ಆಟವನ್ನು ತೆರೆದ.

"ಈಗ ಸರಿ ಮಾಡಿದೀಯಾ?"

"ಮಾಡಿದೀನಿ ಅಣ್ಣ."

"ಈಗ ಬರ್ದ್ರೆ ಹೋಯ್ತದಾ?"

"ಹೋಯ್ತದೆ. ಎಲ್ರಿಗೂ ಹೋಯ್ತದೆ."

ಅವನು ಹೆಬ್ಬೆರಳಿನಿಂದ ನಿಧಾನವಾಗಿ ಬರೆದ. ಯೋಚಿಸಿ ಬರೆಯುತ್ತಿದ್ದ ಹಾಗೆ ಕಾಣಲಿಲ್ಲ, ಒಮ್ಮೆ ಬರೆದದ್ದನ್ನೇ ಮತ್ತೆ ಬರೆಯುವವನ ಹಾಗಿತ್ತು. ಬ್ಯಾಗಿನೊಳಗೆ ಪೇಡದ ಡಬ್ಬಿಯ ಪಕ್ಕದಲ್ಲಿದ್ದ ಫರೀಹಾಳ ಫೋನು ನಡುಗಿತು. ತೆಗೆದು ನೋಡಿದಳು.

'ನಮ್ಮಪ್ಪ ಹೋಗ್ಬುಟ್ರು. ವಳ್ಳೂರಲ್ಲಿ ಮಧ್ಯಾಹ್ನ ಮಣ್ಣು. ಆದಷ್ಟು ಎಲ್ರೂ ಬನ್ನಿ.'

ಕೈಯಳತೆಯಲ್ಲಿ ಕೂತವನ ಮಾತು ಅದು. ಅವಳ ತಾತ ಹೇಳಿಕೊಟ್ಟ ಹಾಗೆ, ಕೇಳಿಸಿಕೊಂಡಾಗಿತ್ತು. ಇನ್ನು ಜವಾಬು ಅವಳ ಕೊರಳಿಗೇ. ಕಣ್ಣು ಮಂಜಾಗಿ ಅಕ್ಷರಗಳು ಕಾಣದೆ ಎರಡು ಸಲ ತಪ್ಪಾಯಿತು. ಮೂರನೆಯ ಸಲ 'ಬಂದಿದೀನಿ ಅಣ್ಣ' ಎಂದು ಬರೆದು ಕಳಿಸಿದಳು. ಹಾಲೇಶನ ಫೋನು ಒಮ್ಮೆ ಸದ್ದು ಮಾಡಿತು.

ಆಮೇಲೆ ಅದು ನಿಲ್ಲಲಿಲ್ಲ. ಕೊರಟಗೆರೆಯವನು ಅಯ್ಯೋ ಅಣ್ಣ ಎಂದ. ಮಧುಗಿರಿಯಿಂದ ಲೋಹಿತಾ, ಯಾವಾಗ, ಏನಾಯಿತು ಎಂದು ಕೇಳಿದಳು. ಒಬ್ಬ ಈಗಲೇ ಬೈಕ್ ತೆಗೆಯುತ್ತಿದ್ದೇನೆ ಎಂದ. ದೀಪಾವಳಿಯಲ್ಲಿ ಕಚ್ಚಾಡಿದ್ದ ಇಬ್ಬರೂ, ನಾವು ಒಟ್ಟಿಗೆ ಕಾರು ಮಾಡಿಕೊಂಡು ಬರುತ್ತೇವೆ, ನಾವು ಬರುವ ತನಕ ಎತ್ತಬೇಡಿ ಎಂದು ಬರೆದರು. ಹಾಲೇಶ ಫೋನನ್ನು ಚಾಪೆಯ ಮೇಲೆ ಬೋರಲು ಇಟ್ಟ. ಅದು ಅಲ್ಲೇ ಗುಂಯ್‌ಗುಡುತ್ತ ಸ್ವಲ್ಪ ಸ್ವಲ್ಪವೇ ಜರುಗುತ್ತಿತ್ತು.

"ಏನಂತಪ್ಪ ಅದು?" ಎಂದರು ಸರ್ವಮಂಗಳಾ.

"ಬತ್ತೀವಿ ಅಂತವ್ರೆ ಕಣಮ್ಮ."

ಯಾರು, ಯಾವಾಗ ಎಂದು ಆಕೆ ಕೇಳಲಿಲ್ಲ. ಎದ್ದು ಮೂಲೆಯ ಪೊರಕೆ ತೆಗೆದುಕೊಂಡು, ಬೆಳಿಗ್ಗೆಯೇ ಗುಡಿಸಿದ್ದ ಅಂಗಳವನ್ನು ಗೋಡೆಯಿಂದ ದಾರಿಯ ತನಕ ಇನ್ನೊಮ್ಮೆ ಗುಡಿಸಿದರು. ಆಮೇಲೆ ಒಳಗೆ ಹೋಗಿ, ಮನೆಯಲ್ಲಿದ್ದ ಒಂದೇ ಒಂದು ಕುರ್ಚಿಯನ್ನು ಹೊತ್ತು ತಂದು, ಅಂಗಳದ ನಡುವೆ, ದಾರಿಯ ಕಡೆಗೆ ಮುಖ ಮಾಡಿ ಇಟ್ಟರು.